ಸರ್ ಎಂ. ವಿಶ್ವೇಶ್ವರಯ್ಯನವರೂ ಮೋಟಾರು ಕೈಗಾರಿಕೆಯೂ

ಮುಂಬಯಿಯಿಂದ ನಾಸಿಕಕ್ಕೆ ಬರುವಾಗ ಕಸಾರಾ ಘಟ್ಟದಲ್ಲಿ ಹೊರೆ ಹೊತ್ತ ಲಾರಿಗಳು ನರಳುತ್ತ, ಆಮೆಯ ನಡಿಗೆಯಿಂದ ಮೇಲೇರುವುದನ್ನು ನೀವೆಲ್ಲರೂ ಕಂಡಿರಬಹುದು. ಅದೇ ಲಾರಿ ಘಟ್ಟವೇರಿ ಸಮತಟ್ಟಾದ ಹಾದಿಗೆ ಬಂದೊಡನೆ ದನಿ ತಗ್ಗಿಸಿ ಸರಾಗವಾಗಿ ಓಡತೊಡಗುತ್ತದೆ. ಈ ಬದಲಾವಣೆಯ ಗುಟ್ಟು ಗೇರುಪೆಟ್ಟಿಗೆಯಲ್ಲಿದೆ. ಇಂತಹ ವಾಹನಗಳು ನಮ್ಮ ನೆಲದಲ್ಲಿಯೇ ತಯಾರಾಗಬೇಕೆಂದು ಮುಪ್ಪಿನ ಕಾಲದಲ್ಲಿಯೂ ಶ್ರಮಿಸಿದ ಕನ್ನಡಿಗರೊಬ್ಬರ ಜೀವನವನ್ನು ಇಲ್ಲಿ ಸಂಗ್ರಹವಾಗಿ ಹೇಳುತ್ತೇನೆ. ಅವರೇ ಕೀರ್ತಿಶೇಷ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು.

ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿ ಅವರ ಜನ್ಮಸ್ಥಳ. ಸೆಪ್ಟೆಂಬರ್ 15 ಅವರ ಜನ್ಮದಿನ. ಅದನ್ನೇ ನಾವು ಇಂಜನಿಯರರ ದಿನವೆಂದು ಆಚರಿಸುತ್ತೇವೆ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರಿಗೆ ಬಡತನವೇ ಮೊದಲ ಗುರುವಾಯಿತು. ಬೆಂಗಳೂರಿನಲ್ಲಿ ಮನೆಪಾಠ ಹೇಳಿ ವಿದ್ಯಾಭ್ಯಾಸ ನಡೆಸಿ, ಸೆಂಟ್ರಲ್ ಕಾಲೇಜಿನಿಂದ ಪದವಿ ಪಡೆದರು. ಅನಂತರ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ, 1883ರಲ್ಲಿ ಇಂಜನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಗಳಿಸಿದರು.

ಮರುವರ್ಷ, ಎಂದರೆ 1884ರಲ್ಲಿ, ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜನಿಯರರಾಗಿ ಅವರು ಮೊದಲು ಕಾಲಿಟ್ಟ ಊರು ಯಾವುದೆಂದು ಬಲ್ಲಿರಾ? ಅದು ನಮ್ಮ ಈ ನಾಸಿಕವೇ! ಉದ್ಯೋಗವನ್ನರಸಿ ತಾಯ್ನಾಡನ್ನು ಬಿಟ್ಟು ಇಲ್ಲಿಗೆ ಬಂದಿರುವ ನನ್ನಂತಹವನಿಗೆ, ಪರಸ್ಥಳವೆಂದು ಮನಸ್ಸು ಕುಗ್ಗಿದಾಗಲೆಲ್ಲ ಈ ಸಂಗತಿಯ ನೆನಪು ಧೈರ್ಯವನ್ನೀಯುತ್ತದೆ. ಬಳಿಕ ಖಾನದೇಶದ ಧುಳೆಯಲ್ಲಿ, ನದಿಯೊಂದನ್ನು ದಾಟಿಸಿ ಕೊಳವೆಯ ಮೂಲಕ ನೀರನ್ನು ಸಾಗಿಸುವ ಕಠಿನ ಕಾರ್ಯವನ್ನು ಅವರು ನೆರವೇರಿಸಿದರು. ಪುಣೆಯ ಬಳಿಯ ಖಡಕವಾಸಲಾ ಜಲಾಶಯಕ್ಕೆ 1903ರಲ್ಲಿ ಅವರು ಅಳವಡಿಸಿದ ಬಾಗಿಲುಗಳು ನೀರಿನ ಮಟ್ಟ ಏರಿದಾಗ ತಾವೇ ತೆರೆದು, ಇಳಿದಾಗ ತಾವೇ ಮುಚ್ಚಿಕೊಳ್ಳುತ್ತಿದ್ದವು. ಯಂತ್ರದ ಮರ್ಮವನ್ನರಿತ ಬುದ್ಧಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

1909ರಲ್ಲಿ ಮೈಸೂರಿನ ಮುಖ್ಯ ಇಂಜನಿಯರರಾಗಿ, 1912ರಿಂದ 1918ರವರೆಗೆ ದಿವಾನರಾಗಿ ಅವರು ಸಲ್ಲಿಸಿದ ಸೇವೆ ಲೋಕಪ್ರಸಿದ್ಧವಾದುದು. ಕನ್ನಂಬಾಡಿಯ ಕಟ್ಟೆ, 1913ರ ಮೈಸೂರು ಬ್ಯಾಂಕು, 1916ರ ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಇಂಜನಿಯರಿಂಗ್ ಕಾಲೇಜು, ಇವೆಲ್ಲವೂ ಆ ಕಾಲದ ಫಲಗಳು. 1923ರಲ್ಲಿ ಕೆಲಸವಾರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನಷ್ಟದ ದಿನಗಳಲ್ಲಿ ಕೈಬಿಡದೆ ನಡೆಸಿದವರೂ ಅವರೇ.

ಕಬ್ಬಿಣವಾದ ಮೇಲೆ ಯಂತ್ರವಾಗಬೇಡವೇ? ಯಂತ್ರಗಳಲ್ಲಿ ಮೋಟಾರು ವಾಹನವು ಅತಿ ಜಟಿಲವಾದುದು; ಅದರಲ್ಲಿಯೂ ಗೇರುಗಳ ನಿರ್ಮಾಣ ಪ್ರಯಾಸದ ಕೆಲಸ. ಹತ್ತು ಹಲ್ಲಿನ ಚಕ್ರವು ನಾಲ್ವತ್ತು ಹಲ್ಲಿನ ಚಕ್ರವನ್ನು ತಿರುಗಿಸಿದರೆ ವೇಗವು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ, ತಿರುಗಿಸುವ ಬಲವು ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಘಟ್ಟವೇರಲು ಇದೇ ಆಧಾರ. ಇದಕ್ಕೆ ವಿರುದ್ಧವಾಗಿ, ನಾಲ್ವತ್ತು ಹಲ್ಲಿನದು ಮೂವತ್ತು ಹಲ್ಲಿನದನ್ನು ತಿರುಗಿಸಿದರೆ, ಮೊದಲನೆಯದು ಮೂರು ಸುತ್ತು ಸುತ್ತುವಷ್ಟರಲ್ಲಿ ಎರಡನೆಯದು ನಾಲ್ಕು ಸುತ್ತುತ್ತದೆ. ಹೀಗೆ ಗೇರುಪೆಟ್ಟಿಗೆಯಿಂದ ಹೊರಡುವ ದಂಡವು ಎಂಜಿನ್ನಿಗಿಂತ ಹೆಚ್ಚು ವೇಗವಾಗಿ ತಿರುಗುವ ಏರ್ಪಾಡಿಗೆ ಓವರ್‌ಡ್ರೈವ್ ಎಂದು ಹೆಸರು. ಸಮತಟ್ಟಾದ ಹಾದಿಯಲ್ಲಿ ಎಂಜಿನ್ನು ನಿಧಾನವಾಗಿ ತಿರುಗಿದರೂ ಲಾರಿ ವೇಗವಾಗಿ ಸಾಗುವುದರಿಂದ ಎಣ್ಣೆ ಉಳಿಯುತ್ತದೆ, ಸವೆತ ತಗ್ಗುತ್ತದೆ. ಆದರೆ ಬಲವು ಕಡಿಮೆಯಾಗುವುದರಿಂದ ಏರಿನಲ್ಲಿ ಇದು ಕೆಲಸಕ್ಕೆ ಬಾರದು. ಹಳೆಯ ಲಾರಿಗಳಲ್ಲಿ ಗೇರು ಬದಲಿಸುವಾಗ ಚಾಲಕನು ಕ್ಲಚ್ಚನ್ನು ಎರಡು ಬಾರಿ ಒತ್ತಿ, ಚಕ್ರಗಳ ವೇಗವನ್ನು ಕಿವಿಯಿಂದಲೇ ಅಳೆದು ಹೊಂದಿಸಬೇಕಾಗಿದ್ದಿತು. ಇಂತಹ ಹಲ್ಲುಚಕ್ರಗಳಿಗೆ ಉತ್ತಮ ಉಕ್ಕು, ಸೂಕ್ಷ್ಮವಾದ ಅಳತೆ, ಪಳಗಿದ ಕೈ ಎಲ್ಲವೂ ಬೇಕು. ಇವನ್ನೆಲ್ಲ ಹೊರದೇಶದಿಂದ ತರಿಸಿಕೊಳ್ಳುವ ನಾಡು ಎಂದಿಗೂ ಪರಾಧೀನವೇ ಸರಿ ಎಂಬುದು ವಿಶ್ವೇಶ್ವರಯ್ಯನವರ ದೃಢವಾದ ನಂಬಿಕೆಯಾಗಿದ್ದಿತು.

ಆದುದರಿಂದಲೇ 1935ರಲ್ಲಿ, ಎಪ್ಪತ್ತು ವರ್ಷ ದಾಟಿದ್ದ ಆ ಹಿರಿಯರು ಯೂರೋಪು ಅಮೆರಿಕಗಳಿಗೆ ತೆರಳಿ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ಕಂಡು ಬಂದರು. ಮರುವರ್ಷ ಭಾರತಕ್ಕೊಪ್ಪುವ ಯೋಜನೆಯನ್ನು ಸಿದ್ಧಪಡಿಸಿದರು. ಸೊಲ್ಲಾಪುರದಲ್ಲಿ ಹುಟ್ಟಿದ ಉದ್ಯಮಿ ವಾಲಚಂದ್ ಹೀರಾಚಂದರು ಅದನ್ನು ಕೈಗೆತ್ತಿಕೊಂಡರು. ಮೈಸೂರು ಸರ್ಕಾರವೂ ನೆರವಿಗೆ ಮುಂದಾಯಿತು. ಆದರೆ ಅಂದಿನ ಆಂಗ್ಲ ಸರ್ಕಾರವು ಸಮ್ಮತಿಸಲಿಲ್ಲ. ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಲಾರಿಗಳು ಬೇಕಾಗಿದ್ದಾಗಲೂ ಬೆಂಗಳೂರಿನಲ್ಲಿ ಮೋಟಾರು ಕಾರ್ಖಾನೆ ಏಳಲಿಲ್ಲ. ವರ್ಷಗಟ್ಟಲೆ ಪಟ್ಟ ಶ್ರಮ ಹೀಗೆ ನೀರುಪಾಲಾದುದನ್ನು ಕಂಡಾಗ ಆ ಹಿರಿಯ ಜೀವಕ್ಕೆ ಎಷ್ಟು ನೋವಾಗಿರಬೇಡ!

ಆದರೂ ಬಿತ್ತಿದ ಬೀಜ ಸಾಯಲಿಲ್ಲ. ವಾಲಚಂದರು 1940ರಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ಸ್ಥಾಪಿಸಿದರು. 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯನ್ನು ಕಟ್ಟಿದರು. ಅಮೆರಿಕದ ಕ್ರೈಸ್ಲರ್ ಕಂಪನಿಯ ಸಹಕಾರದಿಂದ 1947ರಲ್ಲಿ ಅಲ್ಲಿಂದ ವಾಹನಗಳು ಹೊರಬರತೊಡಗಿದವು. ಡಾಜ್, ಫಾರ್ಗೋ ಎಂಬ ಹೆಸರಿನ ಲಾರಿಗಳು ಬಹುಕಾಲ ನಮ್ಮ ಹೆದ್ದಾರಿಗಳಲ್ಲಿ ಹೊರೆ ಸಾಗಿಸಿದವು. ಮೊದಲು ಹೊರನಾಡಿನ ಬಿಡಿಭಾಗಗಳನ್ನು ಜೋಡಿಸುತ್ತಿದ್ದ ಕೈಗಳು ಕ್ರಮೇಣ ಅವನ್ನು ಇಲ್ಲಿಯೇ ತಯಾರಿಸುವುದನ್ನೂ ಕಲಿತವು. ಇಂದು ನಾಸಿಕ, ಛತ್ರಪತಿ ಸಂಭಾಜಿನಗರಗಳಲ್ಲಿ ವಾಹನದ ಕಾರ್ಖಾನೆಗಳಿವೆ. ಅಲ್ಲಿಗೆ ದುಡಿಯಲು ಹೋಗುವವರಲ್ಲಿ ನಿಮ್ಮ ಮನೆಯ ಹಿರಿಯರೂ ಇರಬಹುದು.

1955ರಲ್ಲಿ ಭಾರತರತ್ನ ಪ್ರಶಸ್ತಿ ವಿಶ್ವೇಶ್ವರಯ್ಯನವರನ್ನು ಅರಸಿ ಬಂದಿತು. 1962ರ ಏಪ್ರಿಲ್ ತಿಂಗಳಲ್ಲಿ, ನೂರು ವರ್ಷಗಳ ಸಾರ್ಥಕ ಬಾಳನ್ನು ಪೂರೈಸಿ, ಅವರು ಬೆಂಗಳೂರಿನಲ್ಲಿ ದಿವಂಗತರಾದರು.

ವಿದ್ಯಾರ್ಥಿಗಳೇ, ಲಾರಿಯು ಮೊದಲ ಗೇರಿನಲ್ಲಿ ನಿಧಾನವಾಗಿ ಹೊರಟಲ್ಲದೆ ಕೊನೆಯ ಗೇರಿನ ವೇಗವನ್ನು ಪಡೆಯಲಾರದು. ಮನೆಪಾಠ ಹೇಳಿ ಓದಿದ ಹುಡುಗನು ಮುಂದೆ ನಾಡಿಗೆ ದಾರಿ ತೋರಿದುದೂ ಹಾಗೆಯೇ. ಕನ್ನಡ ಶಾಲೆಯಲ್ಲಿ ಕಲಿತೆವೆಂದು ಎಂದೂ ಹಿಂಜರಿಯಬೇಡಿರಿ. ಇಂದಿನ ಏರನ್ನು ತಾಳ್ಮೆಯಿಂದ ಏರಿರಿ. ಸಮತಟ್ಟಾದ ಹಾದಿ ಮುಂದಿದೆ.