ಬೂತ್ ಹಾಕಿಸಿದ ಬೂತ್‌ಬಿ

ಹೋದ ಸಲ ಊರಲ್ಲಿ ಚುನಾವಣೆ ನಡೆದ ದಿನ ನಮ್ಮತ್ತೆ ವಿಡಿಯೋ ಕಾಲ್ ಮಾಡಿ, ಎಡಗೈಯ ತೋರುಬೆರಳನ್ನು ಕ್ಯಾಮೆರಾಕ್ಕೆ ಅಂಟಿಸಿದಂತೆ ಹಿಡಿದರು. ಪರದೆ ತುಂಬ ಬರೀ ಬೆರಳು. ಉಗುರಿನ ಮೇಲಿಂದ ಚರ್ಮದವರೆಗೆ ಇಳಿದ ನೇರಳೆಗಪ್ಪು ಗೀಟು. “ನೋಡು ಪುಟ್ಟೀ, ಬೂತಿಗೆ ಹೋಗಿ ಓಟು ಹಾಕಿ ಬಂದೆ. ಈ ಶಾಯಿ ಎಲ್ಲಿಯದು ಗೊತ್ತಾ? ನಮ್ಮ ಮೈಸೂರಿಂದು!” ಅಡಿಲೇಡಿನಲ್ಲೇ ಹುಟ್ಟಿ ಬೆಳೆದ ಮೊಮ್ಮಗಳು ಶಾಯಿಯ ಮಾತೇ ಎತ್ತಲಿಲ್ಲ. “ಅಜ್ಜಿ, ನಿಮ್ಮೂರಲ್ಲೂ ಬೂತ್‌ಬಿ ಇದೆಯಾ?” ಅಂದಳು.

ತಪ್ಪು ಅವಳದಲ್ಲ. ನಾವಿರುವುದು ಬೂತ್‌ಬಿ ಕ್ಷೇತ್ರದಲ್ಲಿ. ಬ್ರೈಟನ್, ಮಿಚಮ್ ಕಡೆ ಇರುವ ನಿಮ್ಮಲ್ಲಿ ಕೆಲವರ ಮನೆಯೂ ಅದರಲ್ಲೇ ಬರುತ್ತದೆ. ಚುನಾವಣೆ ಬಂತೆಂದರೆ ಕಂಬಕಂಬದ ಬೋರ್ಡಿನಲ್ಲೂ ಆ ಹೆಸರು. ಬೂತ್ ಅಂದರೆ ಬೂತ್‌ಬಿಯನ್ನೇ ಮೊಟಕು ಮಾಡಿ ಕರೆಯುವುದು ಎಂದುಕೊಂಡಿದ್ದಳು. ಹಾಗಲ್ಲ, ಅದೊಬ್ಬ ಮನುಷ್ಯನ ಹೆಸರು ಎಂದು ಹೇಳಲು ಹೋಗಿ ಈ ಲೇಖನವಾಯಿತು.

ಮೊದಲು ನಮ್ಮ ಪದ. ಬೂತಿಗೆ ಕನ್ನಡದಲ್ಲಿ ಮತಗಟ್ಟೆ ಅನ್ನುತ್ತೇವೆ. ಮತ, ಕಟ್ಟೆ ಎರಡೂ ಸೇರಿ ಮತಗಟ್ಟೆ; ಕಕಾರ ಗಕಾರವಾದದ್ದು ಆದೇಶ ಸಂಧಿ, ಕನ್ನಡ ಶಾಲೆಯಲ್ಲಿ ಕಲಿತಿದ್ದೀರಿ. ಕಟ್ಟೆ ಅಂದರೆ ಅರಳಿಮರದ ಸುತ್ತ ಕಲ್ಲಿನಿಂದ ಕಟ್ಟಿರುತ್ತಾರಲ್ಲ, ಊರಿನವರೆಲ್ಲ ಬಂದು ಕೂರುವ ಜಾಗ, ಅದು. ಯಾರೂ ಅದನ್ನು ಎತ್ತಿ ಬೇರೆ ಕಡೆ ಇಡುವುದಿಲ್ಲ. ಆದರೆ ನೂರೈವತ್ತು ವರ್ಷದ ಹಿಂದಿನ ದಕ್ಷಿಣ ಆಸ್ಟ್ರೇಲಿಯಾದ ಮತಗಟ್ಟೆಗಳು ಹಾಗಿರಲಿಲ್ಲ. ಇವತ್ತು ಇಲ್ಲಿ, ಮುಂದಿನ ಚುನಾವಣೆಗೆ ಇನ್ನೆಲ್ಲೋ.

ವಿಲಿಯಂ ರಾಬಿನ್‌ಸನ್ ಬೂತ್‌ಬಿ ಇಂಗ್ಲೆಂಡಿನಿಂದ ಅಡಿಲೇಡಿಗೆ ಬಂದದ್ದು 1853ರಲ್ಲಿ, ಅಪ್ಪನ ಜೊತೆ. ಅಪ್ಪ ಬೆಂಜಮಿನ್ ಬೂತ್‌ಬಿ ನ್ಯಾಯಾಧೀಶರು, ಭಾರೀ ಹಠಮಾರಿ. ಈ ವಸಾಹತಿನ ಶಾಸನಸಭೆ ಮಾಡಿದ ಕಾನೂನುಗಳು ಸಿಂಧುವೇ ಅಲ್ಲ ಎಂದು ಒಂದಾದ ಮೇಲೊಂದು ತೀರ್ಪು ಕೊಟ್ಟು ಎಲ್ಲರ ನಿದ್ದೆ ಕೆಡಿಸಿ, ಕೊನೆಗೆ 1867ರಲ್ಲಿ ಪದವಿ ಕಳೆದುಕೊಂಡರು. ಮಗ ಅದೇ ಶಾಸನಸಭೆಗೆ ಚುನಾವಣೆ ನಡೆಸುವ ಅಧಿಕಾರಿ! ಆ ಮನೆಯ ಊಟದ ಮೇಜಿನ ಮಾತುಕತೆ ಹೇಗಿದ್ದಿರಬಹುದು ಎಂದು ನನಗೆ ಆಗಾಗ ಕುತೂಹಲವಾಗುತ್ತದೆ. ಮಗನಿಗೆ ಆ ಕೆಲಸ ಬಂದದ್ದು 1856ರಲ್ಲಿ. 1903ರಲ್ಲಿ ತೀರಿಕೊಳ್ಳುವವರೆಗೂ, 47 ವರ್ಷ, ಅವರೇ ಮಾಡಿದರು. ಜೊತೆಗೆ ಷೆರಿಫ್ ಎಂಬ ಇನ್ನೊಂದು ಹುದ್ದೆ. ಸೆರೆಮನೆಗಳ ಉಸ್ತುವಾರಿಯೂ ಅವರದೇ.

1856 ಯಾಕೆ ಮುಖ್ಯ? ಅದಕ್ಕೆ ಮೊದಲು ಓಟು ಅಂದರೆ ಬಾಯಿಬಿಟ್ಟು ಹೇಳುವುದು. ಅಭ್ಯರ್ಥಿಗಳು ಅಟ್ಟಣಿಗೆ ಮೇಲೆ ನಿಂತಿರುತ್ತಿದ್ದರು, ಸುತ್ತ ಜನಜಂಗುಳಿ, ಪಕ್ಕದಲ್ಲೇ ಪುಕ್ಕಟೆ ಕುಡಿತ. ನಿಮಗೆ ಸಂಬಳ ಕೊಡುವ ಧಣಿ ಎದುರಿಗೇ ನಿಂತಿರುವಾಗ “ನನ್ನ ಓಟು ಇವರಿಗಲ್ಲ” ಎನ್ನಲು ಎಷ್ಟು ಜನಕ್ಕೆ ಧೈರ್ಯ ಬಂದೀತು? 1856ರಲ್ಲಿ ವಿಕ್ಟೋರಿಯಾ, ದಕ್ಷಿಣ ಆಸ್ಟ್ರೇಲಿಯಾಗಳಲ್ಲಿ ಗುಟ್ಟಿನ ಮತದಾನದ ಕಾನೂನು ಬಂತು. ಚೀಟಿಯನ್ನು ಸರ್ಕಾರವೇ ಅಚ್ಚು ಹಾಕಿಸಿ ಕೊಡುವುದು, ಮರೆಯಲ್ಲಿ ಗುರುತು ಹಾಕುವುದು, ಮಡಚಿ ಬೀಗ ಹಾಕಿದ ಪೆಟ್ಟಿಗೆಗೆ ಬಿಡುವುದು. ಇಂಗ್ಲೆಂಡ್ ಇದನ್ನು ಕಲಿತದ್ದು 1872ರಲ್ಲಿ. ಅಮೆರಿಕದಲ್ಲಿ ಇದಕ್ಕೆ ‘ಆಸ್ಟ್ರೇಲಿಯನ್ ಬ್ಯಾಲಟ್’ ಎಂದೇ ಹೆಸರು ಬಿತ್ತು.

ವಿಕ್ಟೋರಿಯಾದವರು ಮಾತ್ರ ಒಂದು ತೊಡಕು ಉಳಿಸಿಕೊಂಡರು. ಬೇಡವಾದವರ ಹೆಸರನ್ನೆಲ್ಲ ಹೊಡೆದುಹಾಕಬೇಕು, ಬೇಕಾದವರ ಹೆಸರು ಉಳಿಯಬೇಕು. ಆರು ಜನ ನಿಂತಿದ್ದರೆ ಐದು ಗೀಟು. ಕೈತಪ್ಪಿ ಆರನೆಯದಕ್ಕೂ ಗೀಟು ಬಿದ್ದರೆ ಓಟು ಹಾಳು. ಬೂತ್‌ಬಿ ಇದನ್ನು ತಿರುವಿಹಾಕಿದರು. ಪ್ರತಿ ಹೆಸರಿನ ಎದುರಿಗೆ ಒಂದು ಪುಟ್ಟ ಚೌಕ. ಬೇಕಾದವರ ಚೌಕದಲ್ಲಿ ಒಂದು ಅಡ್ಡಗುರುತು. ಮುಗಿಯಿತು. 1858ರ ಕಾನೂನಿನಲ್ಲಿ ಇದು ಬಂತು. ನಿಮ್ಮಪ್ಪ ಅಮ್ಮ ಈಗ ಚೀಟಿಯ ಚೌಕಗಳಲ್ಲಿ ಒಂದು, ಎರಡು, ಮೂರು ಎಂದು ಅಂಕಿ ತುಂಬುತ್ತಾರಲ್ಲ, ಆ ಚೌಕದ ಹಿಂದೆ ಇವರಿದ್ದಾರೆ.

ಚೀಟಿ ಎಷ್ಟು ಚೆನ್ನಾಗಿದ್ದರೇನು, ಅದನ್ನು ಹಾಕಲು ಜಾಗ ಬೇಕಲ್ಲ. ಈಗಿನ ಹಾಗೆ ಪ್ರತಿ ಬಡಾವಣೆಗೊಂದು ಶಾಲೆ, ಅಂಗಳದಲ್ಲಿ ಸಾಸೇಜ್ ಸುಡುವ ಹೊಗೆ (ನಮ್ಮಂಥ ಸಸ್ಯಾಹಾರಿಗಳಿಗೆ ಬ್ರೆಡ್ಡಿನೊಳಗೆ ಬರೀ ಈರುಳ್ಳಿ), ಇದೇನೂ ಆಗ ಇರಲಿಲ್ಲ. ಕೆಲವು ಕ್ಷೇತ್ರಗಳಂತೂ ನೂರಾರು ಮೈಲಿ. ಎಲ್ಲಿ ಮತಗಟ್ಟೆ ಇರಬೇಕೆಂದು ಗವರ್ನರ್ ಹೆಸರಿನಲ್ಲಿ ಸರ್ಕಾರಿ ಗೆಜೆಟ್‌ನಲ್ಲಿ ಪ್ರಕಟಣೆ ಬರುತ್ತಿತ್ತು. ಎರಡೇ ಸಾಲು: ಇಂಥ ಕ್ಷೇತ್ರಕ್ಕೆ ಇಂಥ ಊರು ಮತಗಟ್ಟೆ. ಮುಚ್ಚುವುದಕ್ಕೂ ಅಷ್ಟೇ, ಎರಡೇ ಸಾಲು. ಹೊಸದಾಗಿ ತಾಮ್ರ ಸಿಕ್ಕಿತು, ರೈಲು ಬಂತು, ಗುಡಿಸಲುಗಳೆದ್ದವು ಅಂದರೆ ಅಲ್ಲಿಗೊಂದು ಪೆಟ್ಟಿಗೆ ಹೋಗಬೇಕು. ಗಣಿ ಬತ್ತಿತು, ಜನ ಗಂಟು ಕಟ್ಟಿ ಹೊರಟರು ಅಂದರೆ ಬರಿಯ ಪೆಟ್ಟಿಗೆ ಕಾಯುತ್ತ ಕೂರಲು ಅಧಿಕಾರಿ ಯಾಕೆ? ಕೋಲಾರದ ಚಿನ್ನದ ಗಣಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿನ ಮೂಂಟಾದ ತಾಮ್ರದ ಗಣಿಗೆ ಇಳಿದವರೂ ಇಂಗ್ಲೆಂಡಿನ ಕಾರ್ನ್‌ವಾಲ್ ಜನ, ಕೋಲಾರಕ್ಕೆ ಬಂದವರಲ್ಲೂ ಕಾರ್ನ್‌ವಾಲ್ ಜನ. ಮೂಂಟಾ ಗಣಿ ಮುಚ್ಚಿದ್ದು 1923ರಲ್ಲಿ, ನಮ್ಮದು 2001ರಲ್ಲಿ.

ಊರು ಬಂದು ಹೋಗುವುದು ಹೇಗೆಂದು ನೋಡಬೇಕಾದರೆ ಫರೀನಾಕ್ಕೆ ಹೋಗಬೇಕು. ಅಡಿಲೇಡಿನಿಂದ ಉತ್ತರಕ್ಕೆ 600 ಕಿಲೋಮೀಟರಿಗೂ ಹೆಚ್ಚು. ಜಾರ್ಜ್ ಗಾಯ್ಡರ್ ಎಂಬ ಸರ್ವೇ ಅಧಿಕಾರಿ 1865ರಲ್ಲಿ ಭೂಪಟದ ಮೇಲೊಂದು ಗೆರೆ ಎಳೆದು, ಇದರಿಂದ ಆಚೆ ಮಳೆ ನಂಬಬೇಡಿ, ಬಿತ್ತಬೇಡಿ ಎಂದಿದ್ದರು. ಆಮೇಲೆ ಕೆಲವು ವರ್ಷ ಒಳ್ಳೆ ಮಳೆಯಾಯಿತು ನೋಡಿ, ಗೆರೆಯನ್ನು ಮರೆತರು. ನೇಗಿಲು ಹೋದಲ್ಲಿ ಮಳೆ ಹಿಂದೆಯೇ ಬರುತ್ತದೆ ಎನ್ನುವ ನಂಬಿಕೆ ಬೇರೆ. 1878ರಲ್ಲಿ ಗೆರೆಯಿಂದ ಎಷ್ಟೋ ಆಚೆ ಸೈಟು ಅಳೆದು ಊರು ಮಾಡಿದರು. ಗೋಧಿ ಬೆಳೆಯುತ್ತೇವೆಂಬ ಉತ್ಸಾಹದಲ್ಲಿ ಅದಕ್ಕಿಟ್ಟ ಹೆಸರು ಫರೀನಾ. ಲ್ಯಾಟಿನ್ ಭಾಷೆಯಲ್ಲಿ ಹಿಟ್ಟು ಎಂದರ್ಥ. ರೈಲು ಬಂತು, ಒಂಟೆಗಳ ಸಾಲು ಬಂತು. ಗೋಧಿ ಮಾತ್ರ ಬರಲಿಲ್ಲ. ಈಗ ಅಲ್ಲಿ ಚಾವಣಿಯಿಲ್ಲದ ಕಲ್ಲುಗೋಡೆಗಳು, ಮತ್ತೆ ನೆಲದೊಳಗೆ ಕಟ್ಟಿದ ಒಂದು ಬೇಕರಿ. ವರ್ಷದಲ್ಲಿ ಕೆಲವು ವಾರ ಸ್ವಯಂಸೇವಕರು ಬಂದು ಆ ಹಳೆಯ ಒಲೆ ಹೊತ್ತಿಸಿ ಬ್ರೆಡ್ ಸುಡುತ್ತಾರೆ. ಹಿಟ್ಟಿನ ಹೆಸರಿನ ಊರಿಗೆ ಹಿಟ್ಟು ಹೊರಗಿನಿಂದ ಬರುತ್ತದೆ.

ಮತಗಟ್ಟೆ ದೂರವಾದರೆ ಮೊದಲು ಓಟು ತಪ್ಪುವುದು ಯಾರಿಗೆ? ಮನೆಯಲ್ಲಿ ಒಂದೇ ಕುದುರೆಗಾಡಿ ಇದ್ದು ಅದನ್ನು ಗಂಡ ಹೊಡೆದುಕೊಂಡು ಹೋದರೆ, ಕೂಸು ಕಟ್ಟಿಕೊಂಡ ಹೆಂಗಸು ಬಿಸಿಲಿನಲ್ಲಿ ಎಷ್ಟು ದೂರ ನಡೆದಾಳು? 1894ರಲ್ಲಿ ಇಲ್ಲಿನ ಶಾಸನಸಭೆ ಹೆಂಗಸರಿಗೂ ಓಟು ಕೊಟ್ಟಾಗ ಯಾರೋ ಇದನ್ನು ಯೋಚಿಸಿದ್ದಾರೆ. ಹತ್ತಿರದ ಮತಗಟ್ಟೆ 3 ಮೈಲಿಗಿಂತ ದೂರವಿದ್ದರೆ, ಅಥವಾ ಆರೋಗ್ಯ ಸರಿಯಿಲ್ಲದಿದ್ದರೆ, ಅಂಥ ಹೆಂಗಸು ಗೈರುಹಾಜರಿ ಮತದಾರಳೆಂದು ಪ್ರಮಾಣಪತ್ರ ಪಡೆಯಬಹುದು ಎಂದು ಆ ಕಾಯ್ದೆಯಲ್ಲೇ ಬರೆದಿಟ್ಟರು. ನನಗೆ ಇಡೀ ಕಾಯ್ದೆಯಲ್ಲಿ ಇಷ್ಟವಾದ ಮಾತು ಅದೇ. ಹಕ್ಕು ಕೊಡುವಾಗ ದಾರಿಯನ್ನೂ ಅಳೆದಿದ್ದಾರೆ. 3 ಮೈಲಿ ಅಂದರೆ ಸುಮಾರು 5 ಕಿಲೋಮೀಟರ್. ಭಾರತದಲ್ಲಿ ಈಗ ಮತದಾರರು 2 ಕಿಲೋಮೀಟರಿಗಿಂತ ಹೆಚ್ಚು ದೂರ ಹೋಗುವಂತಾಗಬಾರದೆಂಬ ನಿಯಮವಿದೆ. ನಿಮ್ಮ ಅಜ್ಜಿ ಚಪ್ಪಲಿ ಮೆಟ್ಟಿಕೊಂಡು ಸ್ಕೂಲಿಗೆ ಹೋಗಿ ಬಂದದ್ದು ಅದರಿಂದ.

ಹೆಂಗಸರು ಮೊದಲ ಸಲ ಓಟು ಹಾಕಿದ ಸಾರ್ವತ್ರಿಕ ಚುನಾವಣೆ 1896ರದು. ಆ ಕಾಲದಲ್ಲಿ ಅಲೆಕ್ಸಾಂಡ್ರಿನಾ ಸರೋವರದ ದಂಡೆಯ ಪಾಯಿಂಟ್ ಮ್ಯಾಕ್ಲೇ ಮಿಷನ್ನಿನಲ್ಲೂ ಒಂದು ಮತಗಟ್ಟೆ ಇತ್ತು. ಅಲ್ಲಿನವರು ಙರಿಂಜೆರಿ ಜನ, ಈ ನೆಲದ ಮೂಲನಿವಾಸಿಗಳು. ಗಂಡಸರೂ ಹೆಂಗಸರೂ ಬಂದು ಚೌಕದಲ್ಲಿ ಗುರುತು ಹಾಕಿದರು. ಆಗ ಇಂಗ್ಲೆಂಡಿನ ಹೆಂಗಸರಿಗೆ ಪಾರ್ಲಿಮೆಂಟಿನ ಓಟು ಇರಲಿಲ್ಲ.

ಆಮೇಲೆ ನಡೆದದ್ದನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ. ವಸಾಹತುಗಳೆಲ್ಲ ಸೇರಿ 1901ರಲ್ಲಿ ಒಂದು ದೇಶವಾಯಿತು. ಮರುವರ್ಷವೇ ಬಂದ ಕಾನೂನು, ಮೂಲನಿವಾಸಿಗಳಿಗೂ ಏಷ್ಯಾದಲ್ಲಿ ಹುಟ್ಟಿದವರಿಗೂ ರಾಷ್ಟ್ರದ ಚುನಾವಣೆಯಲ್ಲಿ ಹೊಸದಾಗಿ ಓಟು ಇಲ್ಲವೆಂದಿತು. ಅದಕ್ಕೆ ಮೊದಲೇ ಪಟ್ಟಿಯಲ್ಲಿದ್ದವರನ್ನು ತೆಗೆಯಬಾರದೆಂಬ ಮಾತಿತ್ತು, ಆದರೆ ಅಧಿಕಾರಿಗಳು ಅದಕ್ಕೆ ಆದಷ್ಟು ಸಂಕುಚಿತ ಅರ್ಥ ಮಾಡಿದರು. ಪೆಟ್ಟಿಗೆ ಎದುರಿಗೇ ಇದ್ದರೂ ಚೀಟಿ ಕೊಡುವವರಿಲ್ಲ. ಏಷ್ಯಾದವರೆಂದರೆ ನಾವೂ. ಮಿಟ್ಟಾ ಬುಲ್ಲೋಷ್ ಎಂಬ ಭಾರತೀಯರು 1924ರಲ್ಲಿ ಮೆಲ್ಬರ್ನಿನ ಕೋರ್ಟಿನಲ್ಲಿ ಇದನ್ನು ಪ್ರಶ್ನಿಸಿ ಗೆದ್ದರು. ಮರುವರ್ಷ ಬ್ರಿಟಿಷ್ ಇಂಡಿಯಾದಲ್ಲಿ ಹುಟ್ಟಿದವರಿಗೆ ಓಟು ಬಂತು. ಮೂಲನಿವಾಸಿಗಳೆಲ್ಲರಿಗೂ ರಾಷ್ಟ್ರದ ಓಟು ಬರಲು 1962 ಆಗಬೇಕಾಯಿತು. ಅದೇ ವರ್ಷ ಭಾರತದ ಚುನಾವಣೆಗೆ ಮೈಸೂರಿನ ಶಾಯಿ ಬಂದದ್ದು.

ಬೂತ್‌ಬಿಯವರ ಹೆಸರನ್ನು ಕ್ಷೇತ್ರಕ್ಕಿಟ್ಟದ್ದು ಅವರು ತೀರಿಕೊಂಡ ವರ್ಷ, 1903ರಲ್ಲಿ. ಪಾಯಿಂಟ್ ಮ್ಯಾಕ್ಲೇಗೆ ಈಗ ರೌಕನ್ ಎನ್ನುತ್ತಾರೆ. ನೋಡಬೇಕಾದರೆ ಅಮ್ಮನ ಹತ್ತಿರ 50 ಡಾಲರಿನ ನೋಟು ಕೇಳಿ. ಒಂದು ಬದಿಯಲ್ಲಿರುವವರು ಆ ಊರಿನಲ್ಲೇ ಹುಟ್ಟಿದ ಲೇಖಕ, ಸಂಶೋಧಕ ಡೇವಿಡ್ ಯುನೈಪನ್; ಪಕ್ಕದ ಚಿಕ್ಕ ಚರ್ಚು ರೌಕನ್‌ನದು. ತಿರುಗಿಸಿದರೆ ಈಡಿತ್ ಕೋವನ್, ಆಸ್ಟ್ರೇಲಿಯಾದಲ್ಲಿ ಚುನಾವಣೆ ಗೆದ್ದು ಶಾಸನಸಭೆಗೆ ಹೋದ ಮೊದಲ ಹೆಂಗಸು, 1921ರಲ್ಲಿ. ನೋಡಿ ಆದ ಮೇಲೆ ನೋಟು ಅಮ್ಮನಿಗೆ ವಾಪಸ್ ಕೊಡಿ. ನಮ್ಮ ಮನೆಯಲ್ಲಿ ಇನ್ನೂ ಬಂದಿಲ್ಲ.