ಕೊನೆಯ ಸ್ಥಾನದ ಹುಡುಗಿ

1924ರಲ್ಲಿ ಫ್ರಾನ್ಸಿನ ಶಾಮೊನಿಯಲ್ಲಿ ಮೊದಲ ಚಳಿಗಾಲದ ಒಲಿಂಪಿಕ್ಸ್ ನಡೆಯಿತು. ಮಹಿಳೆಯರ ಫಿಗರ್ ಸ್ಕೇಟಿಂಗ್‌ನಲ್ಲಿ ಇದ್ದವರು ಎಂಟು ಮಂದಿ. ಎಂಟನೆಯವಳು ನಾರ್ವೆಯ ಸೋನ್ಯಾ ಹೆನಿ, 11 ವರ್ಷದ ಹುಡುಗಿ. ಮೂರೇ ವರ್ಷಕ್ಕೆ ತವರೂರು ಓಸ್ಲೊದಲ್ಲಿ ವಿಶ್ವ ಚಾಂಪಿಯನ್ ಆದರು. ಐವರು ತೀರ್ಪುಗಾರರಲ್ಲಿ ಮೂವರು ನಾರ್ವೆಯವರೇ ಎಂಬ ತಕರಾರೂ ಎದ್ದಿತು. ಆಮೇಲೆ 1936ರವರೆಗೆ ಆಕೆಯನ್ನು ಸೋಲಿಸಿದವರಿಲ್ಲ: ಸತತ 10 ವಿಶ್ವ ಪ್ರಶಸ್ತಿ, ಮೂರು ಒಲಿಂಪಿಕ್ ಚಿನ್ನ. ಒಂದು ಬ್ಯಾಕ್‌ಲಾಗ್‌ಗೇ ವಾರಗಟ್ಟಲೆ ಮಂಕಾಗುವ ನನಗೆ ಈ ಲೆಕ್ಕ ಬೆರಗು ಹುಟ್ಟಿಸುತ್ತದೆ. ಆದರೆ ಬರ್ಲಿನ್‌ನ ಪ್ರದರ್ಶನವೊಂದರಲ್ಲಿ ಹಿಟ್ಲರ್‌ಗೆ ನಾಜಿ ಸೆಲ್ಯೂಟ್ ಹೊಡೆದದ್ದು ತಾಯ್ನಾಡಿನವರನ್ನು ಕೆರಳಿಸಿತು. ಹಾಲಿವುಡ್ ತಾರೆಯಾಗಿ ಕೈತುಂಬ ಗಳಿಸಿದರೂ ಆ ಕಳಂಕ ಅಳಿಯಲಿಲ್ಲ. ಲ್ಯುಕೇಮಿಯಾ ಪೀಡಿತರಾಗಿದ್ದ ಅವರು 1969ರಲ್ಲಿ ಪ್ಯಾರಿಸ್‌ನಿಂದ ಓಸ್ಲೊಗೆ ಹೊರಟಿದ್ದ ವಿಮಾನದಲ್ಲೇ ಕೊನೆಯುಸಿರೆಳೆದರು.