ಗಾನತಪಸ್ವಿನಿ ಹಿಲ್ಡೆಗಾರ್ಡ್

ಜರ್ಮನಿಯ ರೈನ್ ನದಿಯ ತೀರದಲ್ಲಿ ಬಿಂಗೆನ್ ಎಂಬ ಊರಿದೆ. ಎಂಟು ಶತಮಾನಗಳಿಗೂ ಹಿಂದೆ ಅದರ ಸಮೀಪದ ಮಠವೊಂದರಲ್ಲಿ ಸಂನ್ಯಾಸಿನಿಯರು ಹಾಡುತ್ತಿದ್ದ ಗೀತೆಗಳು ಇಂದಿಗೂ ಉಳಿದುಬಂದಿವೆ. ಅವುಗಳನ್ನು ರಚಿಸಿದವಳು ಹಿಲ್ಡೆಗಾರ್ಡ್.

1098ರಲ್ಲಿ ಕುಲೀನ ಮನೆತನದಲ್ಲಿ ಜನಿಸಿದ ಆಕೆಯನ್ನು ತಂದೆತಾಯಿಗಳು ಬಾಲ್ಯದಲ್ಲಿಯೇ ದೇವರ ಸೇವೆಗೆ ಒಪ್ಪಿಸಿದರು. ಯುಟ್ಟಾ ಎಂಬ ತಪಸ್ವಿನಿ ಆಕೆಗೆ ಸ್ತೋತ್ರಗಳನ್ನು ಕಲಿಸಿದಳು. 1136ರಲ್ಲಿ ಯುಟ್ಟಾ ತೀರಿಕೊಂಡಾಗ ಸಂನ್ಯಾಸಿನಿಯರು ಹಿಲ್ಡೆಗಾರ್ಡಳನ್ನೇ ತಮ್ಮ ಹಿರಿಯಳನ್ನಾಗಿ ಆರಿಸಿಕೊಂಡರು. ಮುಂದೆ ಆಕೆ ಬಿಂಗೆನ್ನಿನ ಬಳಿ ಹೊಸ ಮಠವನ್ನು ಕಟ್ಟಿಸಿದಳು.

ಆಕೆ ಲ್ಯಾಟಿನ್ ಭಾಷೆಯಲ್ಲಿ ರಚಿಸಿದ ಎಪ್ಪತ್ತಕ್ಕೂ ಹೆಚ್ಚು ಗೀತೆಗಳು ದೊರೆತಿವೆ. ಧರ್ಮಕ್ಕಾಗಿ ಪ್ರಾಣತೆತ್ತಳೆಂದು ಐತಿಹ್ಯವು ಹೇಳುವ ಸಂತ ಉರ್ಸುಲಾಳ ಸ್ತುತಿಗಳು ಅವುಗಳಲ್ಲಿ ಪ್ರಸಿದ್ಧವಾಗಿವೆ. ಒಂದೇ ಸ್ವರಧಾರೆಯಾಗಿ ಹರಿಯುವ ಈ ಗೀತೆಗಳು ಮಂದ್ರದಿಂದ ತಾರಸ್ಥಾಯಿಗೆ ಚಿಮ್ಮುತ್ತವೆ. ಕೆಲವೆಡೆ ಒಂದೇ ಅಕ್ಷರದ ಮೇಲೆ ಅನೇಕ ಸ್ವರಗಳು ನಲಿದಾಡುತ್ತವೆ.

1178ರಲ್ಲಿ ಆಕೆಗೆ ಕಠಿಣ ಪರೀಕ್ಷೆಯೊದಗಿತು. ಹಿಂದೊಮ್ಮೆ ಧರ್ಮಬಹಿಷ್ಕಾರಕ್ಕೆ ಒಳಗಾಗಿದ್ದ ಗಣ್ಯನೊಬ್ಬನನ್ನು ಮಠದ ಸ್ಮಶಾನದಲ್ಲಿ ಹೂಳಲಾಗಿತ್ತು. ಶವವನ್ನು ಹೊರತೆಗೆಯಬೇಕೆಂದು ಮೈನ್ಸ್ ನಗರದ ಧರ್ಮಾಧಿಕಾರಿಗಳು ಆಜ್ಞಾಪಿಸಿದರು. ಆತನು ಸಾಯುವ ಮೊದಲೇ ಕ್ಷಮೆ ಪಡೆದಿದ್ದನೆಂದು ಹಿಲ್ಡೆಗಾರ್ಡ್ ಒಪ್ಪಲಿಲ್ಲ. ಆಗ ಅಧಿಕಾರಿಗಳು ಮಠದಲ್ಲಿ ಹಾಡುವುದನ್ನೇ ನಿಷೇಧಿಸಿದರು. ಪ್ರಾರ್ಥನೆಗಳನ್ನು ಮೆಲುದನಿಯಲ್ಲಿ ಓದಬೇಕಾಯಿತು. ಎಂಬತ್ತರ ಆ ವೃದ್ಧೆ ಎದೆಗುಂದಲಿಲ್ಲ. ದೇವರ ಸ್ತುತಿಯನ್ನು ಅಕಾರಣವಾಗಿ ತಡೆಯುವವರಿಗೆ ಸ್ವರ್ಗದ ಗಾನದಲ್ಲಿ ಪಾಲಿಲ್ಲವೆಂದು ಪತ್ರ ಬರೆದು ಎಚ್ಚರಿಸಿದಳು.

1179ರಲ್ಲಿ ನಿಷೇಧವು ತೆರವಾಯಿತು. ಮಠದಲ್ಲಿ ಮತ್ತೆ ಗಾನವು ಮೊಳಗಿತು. ಅದೇ ವರ್ಷ ಸೆಪ್ಟೆಂಬರ್ 17ರಂದು ಹಿಲ್ಡೆಗಾರ್ಡ್ ಕಣ್ಮುಚ್ಚಿದಳು. ಸಂತರನ್ನು ಹಾಡಿ ಹೊಗಳಿದ ಆಕೆಯನ್ನು 2012ರಲ್ಲಿ ಪೋಪರು ಇಡೀ ಕ್ಯಾಥೊಲಿಕ್ ಚರ್ಚಿನ ಸಂತಳೆಂದು ಘೋಷಿಸಿದರು.